ಸೀರೆ ಅಂಗಡಿ ಕೌಂಟರ್‌ಗೆ ಬರುವ ಹೊಸಬರು ಪದೇ ಪದೇ ಕೇಳುವ ಪ್ರಶ್ನೆಗಳು: ಉಗುರು, ಬೆವರು, ಸಾಕ್ಸ್ ಇತ್ಯಾದಿ

ತುಮಕೂರಿನ ಎಂ.ಜಿ. ರಸ್ತೆ ಕಡೆಯ ಬಟ್ಟೆ ಅಂಗಡಿಗಳಲ್ಲಿ ನಾನು ಹದಿನಾಲ್ಕು ವರ್ಷ ನಿಂತಿದ್ದೇನೆ. ಮೊದಲು ಬ್ಲೌಸ್ ಪೀಸ್ ಕೌಂಟರ್, ಆಮೇಲೆ ರೇಷ್ಮೆ ಸೀರೆ, ಈಗ ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗೆ ಕೆಲಸ ಹೇಳಿಕೊಡುವುದು. ಪ್ರತಿ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ಮುಂಚೆ ಹೊಸಬರ ಒಂದು ಗುಂಪು ಬರುತ್ತದೆ. ಸೀರೆ ಬಗ್ಗೆ ಅವರು ಕೇಳುವುದು ಕಡಿಮೆ, ತಮ್ಮ ಬಗ್ಗೆ ಕೇಳುವುದೇ ಜಾಸ್ತಿ. ಅದೂ ಎಲ್ಲರ ಎದುರು ಕೇಳುವುದಿಲ್ಲ. ಊಟದ ಹೊತ್ತಿಗೆ ಪಕ್ಕಕ್ಕೆ ಬಂದು, "ಅಕ್ಕಾ, ಒಂದು ವಿಷಯ..." ಅಂತ ರಾಗ ಎಳೆಯುತ್ತಾರೆ. ಆ ವಿಷಯಗಳೇ ಇಲ್ಲಿವೆ. ಮೊಬೈಲ್ ಶೋರೂಮ್, ಆಸ್ಪತ್ರೆ ರಿಸೆಪ್ಷನ್, ಹೋಟೆಲ್ ಕ್ಯಾಶ್ ಕೌಂಟರ್‌ನಲ್ಲಿ ಇರುವವರಿಗೂ ಮುಕ್ಕಾಲು ಪಾಲು ಹೊಂದುತ್ತದೆ.

ಈ ಕೆಲಸಕ್ಕೆ ನೋಡೋಕೆ ಚೆನ್ನಾಗಿರಬೇಕಾ ಅಕ್ಕ?

ಬೇಡ. ಮದುವೆ ಸೀರೆಗೆ ಬಂದ ಹೆಂಗಸು ಅರ್ಧ ಗಂಟೆ ನಿಮ್ಮ ಮುಂದೆ ಕೂರುತ್ತಾಳೆ. ಆ ಅರ್ಧ ಗಂಟೆಯೂ ಅವಳ ಕಣ್ಣು ಸೀರೆ ಮೇಲೇ ಇರಬೇಕು. ನಿಮ್ಮ ಕಂಕುಳ ಬೆವರಿನ ಕಲೆ, ಕಪ್ಪು ಕಟ್ಟಿದ ಉಗುರು, ಕಿತ್ತುಹೋದ ಗುಂಡಿ, ಮುಖಕ್ಕೆ ಹೊಡೆಯುವ ಸೆಂಟು, ಇದರಲ್ಲಿ ಯಾವುದೇ ಒಂದು ಅವಳ ಕಣ್ಣಿಗೋ ಮೂಗಿಗೋ ಬಿತ್ತು ಅನ್ನಿ, ಗಮನ ಸೀರೆಯಿಂದ ಹೋಯಿತು. ಮನೆಗೆ ಹೋದ ಮೇಲೆ ಅವಳಿಗೆ ನಿಮ್ಮ ಮುಖ ನೆನಪಿರದೆ ಸೀರೆ ಮಾತ್ರ ನೆನಪಿದ್ದರೆ ನೀವು ಸರಿಯಾಗಿ ತಯಾರಾಗಿ ಬಂದಿದ್ದೀರಿ ಅಂತಲೇ. ಚೆಂದಕ್ಕೂ ಇದಕ್ಕೂ ಸಂಬಂಧ ಇಲ್ಲ. ಚೆಂದ ಇರುವವರನ್ನೇ ಮುಂದೆ ನಿಲ್ಲಿಸುವ ಓನರ್‌ಗಳು ಇಲ್ಲವೇ ಅಂದರೆ ಇದ್ದಾರೆ. ಅದು ಅವರ ಬುದ್ಧಿ, ನಿಮ್ಮ ತಪ್ಪಲ್ಲ.

ಮೊದಲು ಯಾವುದನ್ನು ಸರಿ ಮಾಡಿಕೊಳ್ಳಬೇಕು?

ಕೈ. ಎಲ್ಲರೂ ಮುಖ, ತಲೆ, ಬಟ್ಟೆ ಅನ್ನುತ್ತಾರೆ. ಆದರೆ ಗಿರಾಕಿ ಇಡೀ ಹೊತ್ತು ನೋಡುವುದು ಸೀರೆ ಮೇಲೆ ಓಡಾಡುವ ನಿಮ್ಮ ಕೈಯನ್ನು.

ನನ್ನದೇ ಹೇಳುತ್ತೇನೆ. ರೇಷ್ಮೆ ಸೆಕ್ಷನ್‌ಗೆ ಹೋಗಿ ಇನ್ನೂ ತಿಂಗಳಾಗಿರಲಿಲ್ಲ. ಬೆಳಗ್ಗೆ ಗುಬ್ಬಿ ಬಸ್ಸಿನ ಕಿಟಕಿ ಎಳೆಯುವಾಗ ನಡುಬೆರಳಿನ ಉಗುರು ತುದಿಯಲ್ಲಿ ಸೀಳಿತ್ತು. ಅಕ್ಕಿಕಾಳಿನಷ್ಟೂ ಇಲ್ಲ, ನಾನು ಲೆಕ್ಕಕ್ಕೇ ತಗೊಳ್ಳಲಿಲ್ಲ. ಮಧ್ಯಾಹ್ನ ಕುಣಿಗಲ್ ಕಡೆಯ ಒಂದು ಮನೆಯವರು ಬಂದರು. ಮೊಳಕಾಲ್ಮೂರು ಸೀರೆ, ಗಿಣಿ ಹಸಿರು. ಸೆರಗು ಹರಡಿ, ಅಂಗೈಯಿಂದ ಉದ್ದಕ್ಕೆ ನೀವಿದೆ, ನಾವೆಲ್ಲ ಮಾಡುತ್ತೇವಲ್ಲ ಹಾಗೆ. ಚರ್ ಅಂತ ಒಂದು ಸಣ್ಣ ಸದ್ದು. ಒಂದೇ ಒಂದು ಎಳೆ, ನಾಲ್ಕು ಬೆರಳು ಉದ್ದಕ್ಕೆ ಸುಕ್ಕು ಹಿಡಿದು ಮೇಲೆದ್ದಿತು. ಹುಡುಗಿಯ ತಾಯಿ ಏನೂ ಅನ್ನಲಿಲ್ಲ, ಸೀರೆಯನ್ನು ಮೆಲ್ಲಗೆ ಆಚೆ ಸರಿಸಿದರು ಅಷ್ಟೇ. ಆವತ್ತಿನ ಓನರ್ ನನ್ನನ್ನು ಒಂದು ಮಾತೂ ಕೇಳದೆ ಎರಡು ತಿಂಗಳು ಸಂಬಳದಲ್ಲಿ ಹಿಡಿದುಕೊಂಡರು. ಕೆಲಸಗಾರನ ಮಾತು ಕೇಳದೆ ಹಾಗೆ ನಷ್ಟದ ದುಡ್ಡು ಹಿಡಿಯಬಾರದು ಅಂತ 1936ರ ವೇತನ ಪಾವತಿ ಕಾಯ್ದೆಯಲ್ಲೇ ಬರೆದಿತ್ತು ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷ ಆದ ಮೇಲೆ.

ಅದಕ್ಕೇ ಬೆಳಗ್ಗೆ ಅಂಗಡಿಗೆ ಬಂದ ತಕ್ಷಣ ಹತ್ತೂ ಬೆರಳನ್ನು ನಿಮ್ಮ ದುಪ್ಪಟ್ಟಾ ಮೇಲೋ ಕರ್ಚೀಫ್ ಮೇಲೋ ಒಮ್ಮೆ ಹಗುರವಾಗಿ ಆಡಿಸಿ. ಎಲ್ಲಾದರೂ ಹಿಡಿದರೆ ಅಲ್ಲೇ ಕತ್ತರಿಸಿ, ಕತ್ತರಿಸಿದ ತುದಿಯನ್ನು ಉಜ್ಜಿ ನುಣ್ಣಗೆ ಮಾಡಿ. ಕತ್ತರಿಸಿದ ಉಗುರು ಕತ್ತರಿಸದ ಉಗುರಿಗಿಂತ ಚೂಪಾಗಿರುತ್ತದೆ, ಉಜ್ಜುವುದನ್ನು ಮರೆಯಬೇಡಿ. ಕೈ ಒರಟಾಗಿದ್ದರೆ ರಾತ್ರಿ ಮಲಗುವಾಗ ಕೊಬ್ಬರಿ ಎಣ್ಣೆ ಹಚ್ಚಿ. ಬೆಳಗ್ಗೆ ಮಾತ್ರ ಎಣ್ಣೆಯೂ ಬೇಡ, ಕ್ರೀಮೂ ಬೇಡ. ರೇಷ್ಮೆ ಮೇಲೆ ಎಣ್ಣೆ ಬೆರಳಿನ ಗುರುತು ಬಿದ್ದರೆ ಅದು ಉಗುರಿಗಿಂತ ದೊಡ್ಡ ತಲೆನೋವು. ಅಂಗೈ ಬೆವರುವವರು ಮಡಿಲಲ್ಲಿ ಒಂದು ಹತ್ತಿ ಬಟ್ಟೆ ಇಟ್ಟುಕೊಳ್ಳಿ.

ಅಂದ ಹಾಗೆ, ಎಳೆ ಎದ್ದರೆ ಕತ್ತರಿಸಬೇಡಿ. ಸಣ್ಣ ಸೂಜಿಯಲ್ಲಿ ಹಿಂಭಾಗಕ್ಕೆ ಎಳೆದುಬಿಟ್ಟರೆ ಅರ್ಧಕ್ಕರ್ಧ ಕಾಣುವುದಿಲ್ಲ.

ಬಳೆ, ಉಂಗುರ, ಮೆಹಂದಿ?

ಗಾಜಿನ ಬಳೆ ಎರಡೆರಡು ಸಾಕು, ಅದೂ ಬಾಯಿ ಬಿಡದೆ ಇರುವಂಥದ್ದು. ಹರಳು ಎದ್ದು ನಿಂತ ಉಂಗುರ ಜರಿಗೆ ಹಿಡಿಯುತ್ತದೆ. ಕೆಲಸದ ಹೊತ್ತಲ್ಲಿ ಬಿಚ್ಚಿ ಪರ್ಸಲ್ಲಿ ಇಡಿ. ಹರಳನ್ನು ಅಂಗೈ ಕಡೆ ತಿರುಗಿಸಿಕೊಂಡರೆ ಸಾಕು ಅನ್ನುವವರ ಮಾತು ಕೇಳಬೇಡಿ, ನೀವುವುದೇ ಅಂಗೈಯಿಂದ ಅಲ್ವಾ. ಮೆಹಂದಿಗೆ ನನ್ನ ಅಡ್ಡಿ ಇಲ್ಲ. ಬಣ್ಣ ಪೂರ್ತಿ ಒಣಗಿ ಒಂದು ದಿನ ಕಳೆದಿರಲಿ.

ಸ್ನಾನ ಮಾಡಿಕೊಂಡೇ ಬರುತ್ತೇನೆ, ಮಧ್ಯಾಹ್ನಕ್ಕೆ ವಾಸನೆ ಶುರುವಾಗುತ್ತದೆ. ಯಾಕೆ?

ನೀವು ಗಲೀಜು ಅಂತ ಅಲ್ಲ, ಮೊದಲು ಅದನ್ನು ತಲೆಯಿಂದ ತೆಗೆಯಿರಿ. ಬೆವರಿಗೆ ಹೆಚ್ಚು ಕಡಿಮೆ ವಾಸನೆಯೇ ಇರುವುದಿಲ್ಲ. ಚರ್ಮದ ಮೇಲಿರುವ ಬ್ಯಾಕ್ಟೀರಿಯಾ ಕಂಕುಳ ಬೆವರನ್ನು ಒಡೆದಾಗ ವಾಸನೆ ಹುಟ್ಟುತ್ತದೆ. ಇದರ ಮೇಲೆ ಯೂನಿಫಾರ್ಮ್ ಬೇರೆ. ಅಂಗಡಿಯವರು ಕೊಡುವುದು ಪಾಲಿಯೆಸ್ಟರ್ ಬಟ್ಟೆ. ಸುಕ್ಕು ಬೀಳುವುದಿಲ್ಲ, ಬಾಳಿಕೆ ಬರುತ್ತದೆ ಅಂತ ಅವರಿಗೆ ಅದೇ ಇಷ್ಟ, ಆದರೆ ಅದು ಹತ್ತಿ ಬಟ್ಟೆಗಿಂತ ಜಾಸ್ತಿ ವಾಸನೆ ಹಿಡಿದುಕೊಳ್ಳುತ್ತದೆ, ಒಗೆದರೂ ಪೂರ್ತಿ ಬಿಡುವುದಿಲ್ಲ. ಒಳಗೆ ಒಂದು ಹತ್ತಿ ಬನಿಯನ್ನೋ ಸ್ಲಿಪ್ಪೋ ಹಾಕಿದರೆ ಬೆವರು ಮೊದಲು ಅದಕ್ಕೆ ಹೋಗುತ್ತದೆ. ಮಧ್ಯಾಹ್ನ ಅದನ್ನು ಮಾತ್ರ ಬದಲಾಯಿಸಿದರೂ ಸಾಕು.

ಇನ್ನೊಂದು. ಡಿಯೋಡರೆಂಟ್ ಬೇರೆ, ಆಂಟಿಪರ್ಸ್ಪಿರೆಂಟ್ ಬೇರೆ. ಮೊದಲನೆಯದು ವಾಸನೆ ತಡೆಯುತ್ತದೆ, ಎರಡನೆಯದರಲ್ಲಿ ಅಲ್ಯೂಮಿನಿಯಂ ಲವಣ ಇರುತ್ತದೆ, ಅದು ಬೆವರನ್ನೇ ಕಡಿಮೆ ಮಾಡುತ್ತದೆ. ಎರಡನೆಯದನ್ನು ರಾತ್ರಿ ಒಣ ಚರ್ಮಕ್ಕೆ ಹಚ್ಚಬೇಕು. ಬೆಳಗ್ಗೆ ಒದ್ದೆ ಮೈಗೆ ಹಚ್ಚಿ ಬಸ್ಸಿಗೆ ಓಡಿದರೆ ದುಡ್ಡು ದಂಡ. ಸಲೂನ್‌ನಲ್ಲಿ ಶೇವ್ ಆದ ಮೇಲೆ ಮುಖಕ್ಕೆ ಉಜ್ಜುವ ಪಟಿಕದ ಕಲ್ಲು ಇದೆಯಲ್ಲ, ಅದೂ ಅಲ್ಯೂಮಿನಿಯಂ ಲವಣವೇ. ಒದ್ದೆ ಮಾಡಿ ಕಂಕುಳಿಗೆ ಉಜ್ಜಿಕೊಳ್ಳುವವರು ಇದ್ದಾರೆ. ಅಗ್ಗ, ಕೆಲಸವನ್ನೂ ಮಾಡುತ್ತದೆ. ಗಾಯ ಇದ್ದರೆ, ಆಗತಾನೆ ಶೇವ್ ಮಾಡಿದ್ದರೆ ಮಾತ್ರ ಉರಿಯುತ್ತದೆ.

ಹಾಗಾದರೆ ಸೆಂಟ್ ಹಾಕಿಕೊಂಡರೆ ಮುಗೀತಲ್ವಾ?

ಬೆವರಿನ ಮೇಲೆ ಸೆಂಟ್ ಹಾಕಿದರೆ ಬೆವರು ಮತ್ತು ಸೆಂಟ್ ಎರಡೂ ಬರುತ್ತದೆ. ಬೇಡ.

ಶೂ ಹೊರಗೆ ಬಿಟ್ಟು ಕೂರುವ ಅಂಗಡಿ. ಸಾಕ್ಸ್ ವಾಸನೆಗೆ ಏನು ಮಾಡೋದು?

ಇದನ್ನು ಕೇಳುವವರು ಹುಡುಗರು. ಹಳೇ ಪದ್ಧತಿಯ ಸೀರೆ ಅಂಗಡಿಗಳಲ್ಲಿ ಇನ್ನೂ ಬಿಳಿ ಹಾಸು ಇದೆ. ಗಿರಾಕಿ, ಸೇಲ್ಸ್‌ನವನು ಇಬ್ಬರೂ ನೆಲದಲ್ಲೇ. ಅಲ್ಲಿ ಪಾದಕ್ಕೂ ಸೀರೆಗೂ ಒಂದು ಗೇಣು ದೂರ. ಹೆಬ್ಬೆರಳು ಹೊರಗೆ ಇಣುಕುವ ಸಾಕ್ಸ್ ಹಾಕಿಕೊಂಡು ಹದಿನೈದು ಸಾವಿರದ ಸೀರೆ ತೋರಿಸುವುದನ್ನು ನಾನು ನೋಡಿದ್ದೇನೆ. ಪಾಪ, ಅವನಿಗೆ ಕಾಲು ಎಲ್ಲಿ ಮುಚ್ಚಿಡಬೇಕು ಅಂತಲೇ ಗೊತ್ತಾಗುತ್ತಿರಲಿಲ್ಲ. ಒಮ್ಮೆ ಎಡಗಾಲನ್ನು ಬಲಗಾಲಿನ ಕೆಳಗೆ, ಇನ್ನೊಮ್ಮೆ ಸೀರೆ ಡಬ್ಬದ ಹಿಂದೆ. ಗಿರಾಕಿ ಕಡೆಯ ಚಿಕ್ಕ ಹುಡುಗ ಅದನ್ನೇ ನೋಡಿ ನಗುತ್ತಿದ್ದ.

ಹತ್ತಿ ಸಾಕ್ಸ್ ಮೂರು ಜೊತೆ ತಗೊಳ್ಳಿ, ದಿನಾ ಒಗೆದದ್ದು ಹಾಕಿ. ಸ್ನಾನದಲ್ಲಿ ಬೆರಳ ಸಂದಿಗೆ ಸೋಪು ಹಾಕಿ ಉಜ್ಜಿ, ಆ ಸಂದಿ ಪೂರ್ತಿ ಒಣಗಿದ ಮೇಲೆಯೇ ಸಾಕ್ಸ್. ಸಂದಿಯಲ್ಲಿ ಬೆಳ್ಳಗೆ ಸಿಪ್ಪೆ ಎದ್ದು ತುರಿಸುತ್ತಿದ್ದರೆ ಅದು ಫಂಗಸ್, ಪೌಡರ್ ಉದುರಿಸಿ ಸುಮ್ಮನಿರಬೇಡಿ, ಔಷಧಿ ಹಚ್ಚಬೇಕು. ಶೂ ಒಳಗೆ ಪೂರ್ತಿ ಒಣಗಲು ಒಂದು ದಿನ ಬೇಕು. ಎರಡು ಜೊತೆ ಇದ್ದರೆ ದಿನ ಬಿಟ್ಟು ದಿನ ಹಾಕಿ. ಒಂದೇ ಜೊತೆ ಇದ್ದರೆ ರಾತ್ರಿ ಹಳೇ ಪೇಪರ್ ತುರುಕಿಡಿ, ತೇವ ಹೀರಿಕೊಳ್ಳುತ್ತದೆ. ಹೆಣ್ಣುಮಕ್ಕಳಿಗೆ ಹಿಮ್ಮಡಿ ಒಡೆದಿದ್ದರೆ ಅದೂ ಉಗುರಿನ ಹಾಗೇ ಸೀರೆಗೆ ಹಿಡಿಯುತ್ತದೆ. ರಾತ್ರಿ ಕಲ್ಲಿನಲ್ಲಿ ಉಜ್ಜಿ ಎಣ್ಣೆ ಹಚ್ಚಿ.

ಯೂನಿಫಾರ್ಮ್ ಇರುವುದೇ ಎರಡು ಜೊತೆ. ನಮ್ಮದು ಬೋರ್‌ವೆಲ್ ನೀರು. ಬಟ್ಟೆ ಮಂಕಾಗುತ್ತದೆ.

ನಮ್ಮ ಜಿಲ್ಲೆಯ ದೊಡ್ಡ ಗೋಳು ಇದು. ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುತ್ತದೆ. ಅದು ಸೋಪಿನ ಜೊತೆ ಸೇರಿ ಬೆಳ್ಳಗೆ ಜಿಡ್ಡಾಗಿ ಬಟ್ಟೆಗೇ ಅಂಟುತ್ತದೆ. ನೊರೆ ಬರಲಿಲ್ಲ ಅಂತ ಇನ್ನಷ್ಟು ಸೋಪು ಹಾಕುತ್ತೀರಿ, ಇನ್ನಷ್ಟು ಜಿಡ್ಡಾಗುತ್ತದೆ. ಸೋಪಿನ ಬದಲು ಡಿಟರ್ಜೆಂಟ್ ಪುಡಿ ಬಳಸಿದರೆ ಪರವಾಗಿಲ್ಲ. ಕಾಲರ್‌ನ ಕೊಳೆಗೆ ನೆನೆಸುವ ಮುಂಚೆಯೇ ಉಜ್ಜಿ ಹತ್ತು ನಿಮಿಷ ಬಿಡಿ. ಮಳೆ ನೀರು ಹಿಡಿಯುವ ಮನೆಯಾದರೆ ಯೂನಿಫಾರ್ಮಿಗೂ ತಲೆಗೂ ಅದನ್ನೇ ಎತ್ತಿಡಿ. ತಲೆಗೆ ಗಡಸು ನೀರೇ ಗತಿ ಅಂದರೆ ಕೊನೆಯ ಒಂದು ಚೊಂಬಿಗೆ ಅರ್ಧ ನಿಂಬೆಹಣ್ಣು ಹಿಂಡಿ ಸುರಿದುಕೊಳ್ಳಿ.

ಸಾರಿನ ಕಲೆಯ ಕಥೆ ಬೇರೆ. ಮುದ್ದೆ ಊಟ ಮಾಡುವವರು ನಾವು. ಬಸ್ಸಾರು ಒಂದು ತೊಟ್ಟಾದರೂ ಎದೆ ಮೇಲೆ ಬೀಳದಿದ್ದರೆ ಅದು ಊಟವೇ ಅಲ್ಲ. ಕಲೆಗೆ ಸೋಪು ಹಾಕಿದ ತಕ್ಷಣ ಕೆಂಪಾಗುತ್ತದೆ, ಹೊಸಬರು ಹೆದರಿ ಅಳುವುದೊಂದು ಬಾಕಿ. ಹೆದರಬೇಡಿ, ಅರಿಶಿನ ಸೋಪಿನ ಕ್ಷಾರಕ್ಕೆ ಹಾಗೆ ಕೆಂಪಾಗುತ್ತದೆ. ಚೆನ್ನಾಗಿ ಜಾಲಿಸಿ ಬಿಸಿಲಿಗೆ ಹಾಕಿ. ಅರಿಶಿನದ ಬಣ್ಣ ಬಿಸಿಲಿಗೆ ತಡೆಯುವುದಿಲ್ಲ, ಸಂಜೆಗೆ ಮುಕ್ಕಾಲು ಪಾಲು ಹೋಗಿರುತ್ತದೆ. ಬಾಲ್ ಪೆನ್ ಇಂಕಿಗೆ ಸ್ಯಾನಿಟೈಸರ್ ಹಾಕಿ ಹತ್ತಿಯಲ್ಲಿ ಒತ್ತಿ ತೆಗೆಯಿರಿ, ಉಜ್ಜಿದರೆ ಹರಡುತ್ತದೆ. ಊಟಕ್ಕೆ ಕೂತಾಗ ಕುತ್ತಿಗೆಗೆ ಟವೆಲ್ ಕಟ್ಟಿಕೊಳ್ಳುವುದಂತೂ ನಾಚಿಕೆಯ ವಿಷಯ ಅಲ್ಲ. ನಾನು ಇವತ್ತಿಗೂ ಕಟ್ಟುತ್ತೇನೆ.

ನನ್ನ ಹಲ್ಲು ಹುಟ್ಟಿದಾಗಿನಿಂದ ಕಂದು. ಎಷ್ಟು ಉಜ್ಜಿದರೂ ಹೋಗುತ್ತಿಲ್ಲ. ನಗುವುದಕ್ಕೇ ಮುಜುಗರ.

ಪಾವಗಡ ಕಡೆಯವರಾ? ಆ ಭಾಗದ ಅಂತರ್ಜಲದಲ್ಲಿ ಫ್ಲೋರೈಡ್ ಜಾಸ್ತಿ. ಕುಡಿಯುವ ನೀರಿನಲ್ಲಿ ಒಂದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಅಂತ ಲೆಕ್ಕ. ಅದಕ್ಕಿಂತ ಹೆಚ್ಚಿರುವ ನೀರನ್ನು ಹಲ್ಲು ಬೆಳೆಯುವ ವಯಸ್ಸಿನಲ್ಲಿ, ಅಂದರೆ ಸುಮಾರು ಎಂಟು ವರ್ಷದೊಳಗೆ, ಕುಡಿದವರಿಗೆ ಹಲ್ಲಿನ ಮೇಲೆ ಬಿಳಿ ಅಥವಾ ಕಂದು ಪಟ್ಟೆ ಬರುತ್ತದೆ. ಅದು ಕೊಳೆ ಅಲ್ಲ, ಹಲ್ಲಿನೊಳಗೇ ಕೂತ ಬಣ್ಣ. ಪೇಸ್ಟು, ಇದ್ದಿಲು, ಉಪ್ಪು, ಇಟ್ಟಿಗೆ ಪುಡಿ ಹಾಕಿ ತಿಕ್ಕಿದರೆ ಹಲ್ಲಿನ ಮೇಲ್ಪದರ ಸವೆಯುತ್ತದೆ ಅಷ್ಟೇ. ಹಲ್ಲಿನ ಡಾಕ್ಟರ್ ಹತ್ತಿರ ಬ್ಲೀಚಿಂಗು, ಮೇಲಿನ ತೆಳು ಪದರ ತೆಗೆಯುವುದು, ಹೊದಿಕೆ ಕೂರಿಸುವುದು ಅಂತ ದಾರಿಗಳಿವೆ. ಅಗಳಕೋಟೆಯಲ್ಲಿ ಸಿದ್ಧಾರ್ಥ ಡೆಂಟಲ್ ಕಾಲೇಜಿದೆ. ಮೊದಲು ಅಂಥ ಕಡೆ ತೋರಿಸಿ, ಖರ್ಚು ಕೇಳಿಕೊಂಡು ಬನ್ನಿ.

ಏನೂ ಮಾಡಿಸದೆಯೂ ಇರಬಹುದು. ನಮ್ಮಲ್ಲಿ ಒಬ್ಬ ಹುಡುಗ ಇದ್ದ. ಬಾಯಿಗೆ ಕೈ ಅಡ್ಡ ಇಟ್ಟುಕೊಂಡೇ ಮಾತಾಡುತ್ತಿದ್ದ. ಒಂದು ದಿನ ಅವನ ಊರ ಕಡೆಯ ಮದುವೆ ಮನೆಯವರೇ ಬಂದರು. ಅರ್ಧ ಕನ್ನಡ, ಅರ್ಧ ತೆಲುಗು. ಹನ್ನೆರಡು ಜನ, ಅದರಲ್ಲಿ ಹತ್ತು ಜನಕ್ಕೆ ಅವನದೇ ಹಲ್ಲು. ಅವತ್ತು ಅವನು ಕೈ ತೆಗೆದವನು ಮತ್ತೆ ಅಡ್ಡ ಇಟ್ಟಿದ್ದು ನಾನು ನೋಡಲಿಲ್ಲ. ಇಪ್ಪತ್ತಮೂರು ಸೀರೆ ಹೋಯಿತು ಅವತ್ತು ಅವನ ಕೌಂಟರಿಂದ.

ಗುಟ್ಕಾದ ಕಂದು ಮಾತ್ರ ಬೇರೆ ಜಾತಿ. ಅದಕ್ಕೆ ನನ್ನ ಹತ್ತಿರ ಸಮಾಧಾನದ ಮಾತಿಲ್ಲ.

ಊಟ ಆದ ಮೇಲೆ ಬಾಯಿ ವಾಸನೆ?

ನಾಲಿಗೆ ಉಜ್ಜಿ. ವಾಸನೆಯ ದೊಡ್ಡ ಪಾಲು ನಾಲಿಗೆಯ ಹಿಂಭಾಗದ್ದು. ನೀರು ಕುಡಿಯಿರಿ, ಬಾಯಿ ಒಣಗಿದಷ್ಟೂ ವಾಸನೆ ಜಾಸ್ತಿ. ಬಾತ್‌ರೂಮಿಗೆ ಹೋಗಬೇಕಾಗುತ್ತದೆ ಅಂತ ಇಡೀ ದಿನ ನೀರು ಕುಡಿಯದ ಹುಡುಗಿಯರು ಎಷ್ಟೋ ಜನ ಇದ್ದಾರೆ, ಅದು ಅಂಗಡಿಯವರು ತಲೆ ತಗ್ಗಿಸಬೇಕಾದ ವಿಷಯ. ಹಸಿ ಈರುಳ್ಳಿ ರಾತ್ರಿ ತಿನ್ನಿ. ಮಧ್ಯಾಹ್ನ ತಿಂದೇ ಬಿಟ್ಟಿದ್ದರೆ ಎರಡು ಲವಂಗ.

ಗಡ್ಡ ಬಿಡಬಹುದಾ?

ಬಿಡಬಹುದು, ಆದರೆ ಅದು ಬಿಟ್ಟ ಗಡ್ಡದ ಹಾಗೆ ಕಾಣಬೇಕು, ಬೆಳೆದುಬಿಟ್ಟ ಗಡ್ಡದ ಹಾಗಲ್ಲ. ಕುತ್ತಿಗೆ ಕಡೆ ಗೆರೆ ತೀಡಿಸಿ. ಮೀಸೆ ತುಟಿ ಮೇಲೆ ಇಳಿಯದಿರಲಿ. ಅಯ್ಯಪ್ಪ ಮಾಲೆ ಹಾಕುವವರು ಪ್ರತಿ ವರ್ಷ ಕೇಳುತ್ತಾರೆ. 41 ದಿನದ ವ್ರತ, ಗಡ್ಡ ತೆಗೆಯುವ ಹಾಗಿಲ್ಲ, ಕಪ್ಪು ಬಟ್ಟೆ, ಬರಿಗಾಲು. ಮಾಲೆ ಹಾಕುವ ವಾರ ಮುಂಚೆಯೇ ಓನರ್‌ಗೆ ಹೇಳಿ. ಬಹಳ ಜನ ಒಪ್ಪುತ್ತಾರೆ, ಗಿರಾಕಿಗಳಂತೂ ನಿಮ್ಮನ್ನೇ "ಸ್ವಾಮಿ" ಅಂತ ಕರೆದು ಮಾತಾಡಿಸುತ್ತಾರೆ. ಬರಿಗಾಲಲ್ಲಿ ಬೀದಿಯಿಂದ ಬಂದವರು ಹಾಸು ಹತ್ತುವ ಮುಂಚೆ ಕಾಲು ತೊಳೆದು ಒರೆಸಿಕೊಂಡರೆ ಆಯಿತು.

ತಲೆಗೆ ಎಣ್ಣೆ, ಹೂವು?

ತಿಪಟೂರು ಇರುವ ಜಿಲ್ಲೆಯಲ್ಲಿ ಕೊಬ್ಬರಿ ಎಣ್ಣೆ ಬೇಡ ಅಂತ ನಾನು ಹೇಳಿದರೆ ಮನೆಗೆ ಸೇರಿಸುವುದಿಲ್ಲ. ರಾತ್ರಿ ಹಚ್ಚಿ, ಬೆಳಗ್ಗೆ ತೊಳೆಯಿರಿ. ಹಣೆಗೆ ಇಳಿಯುವಷ್ಟು ಬೇಡ. ಕೂದಲು ಕಟ್ಟಿರಲಿ, ಸೀರೆ ಮೇಲೆ ಬಗ್ಗಿದಾಗ ಜಡೆ ಮುಂದಕ್ಕೆ ಬೀಳದ ಹಾಗೆ. ಹೂವು ಒಂದು ಗೇಣು ಮಲ್ಲಿಗೆಯೋ ಕಾಕಡವೋ ಇದ್ದರೆ ಚೆನ್ನ. ಸಂಜೆಗೆ ಕಂದಿದ ಹೂವನ್ನು ತೆಗೆದುಬಿಡಿ, ಕೊಳೆತ ಮಲ್ಲಿಗೆ ಬೆವರಿಗಿಂತ ಕೆಟ್ಟ ವಾಸನೆ.

ಮುಖ ಬೆಳ್ಳಗಾಗುವ ಕ್ರೀಮ್ ಮೆಡಿಕಲ್‌ನಲ್ಲಿ ಕೊಟ್ಟರು. ಹಚ್ಚಲಾ?

ಟ್ಯೂಬ್ ತಂದು ತೋರಿಸಿ ಅಂತ ನಾನು ಹೇಳುತ್ತೇನೆ. ಹಿಂದೆ ಸಣ್ಣಕ್ಷರದಲ್ಲಿ ಬೆಟಾಮೆಥಾಸೋನ್, ಮೊಮೆಟಾಸೋನ್, ಕ್ಲೊಬೆಟಾಸಾಲ್ ಅಂತ ಇದ್ದರೆ ಅದು ಸ್ಟೀರಾಯ್ಡ್. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಮುಲಾಮುಗಳನ್ನು ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದು ಅಂತ ಮಾಡಿತು. ಹಚ್ಚಿದ ಹೊಸದರಲ್ಲಿ ಮುಖ ತಿಳಿಯಾಗುತ್ತದೆ. ಆಮೇಲೆ ಚರ್ಮ ತೆಳುವಾಗುತ್ತದೆ, ಮೊಡವೆ ಏಳುತ್ತದೆ, ಕೂದಲು ಬರುತ್ತದೆ, ಬಿಸಿಲಿಗೆ ಉರಿ. ಬಿಟ್ಟರೆ ಮುಖ ಕೆಂಪಗೆ ಸಿಡಿಯುತ್ತದೆ, ಅದಕ್ಕೇ ಮತ್ತೆ ಹಚ್ಚುತ್ತಾರೆ. ಈಗಾಗಲೇ ತಿಂಗಳುಗಟ್ಟಲೆ ಹಚ್ಚಿದವರು ಚರ್ಮದ ಡಾಕ್ಟರಿಗೆ ತೋರಿಸಿ, ಅವರು ಹೇಳಿದ ಹಾಗೇ ಕ್ರೀಮ್ ನಿಲ್ಲಿಸಿ. ಮುಖಕ್ಕೆ ಸೋಪು ನೀರು ಸಾಕು. ಬೆಳ್ಳಗಿದ್ದವರಿಗೆ ಜಾಸ್ತಿ ಸೇಲ್ ಆಗಿದ್ದನ್ನು ಹದಿನಾಲ್ಕು ವರ್ಷದಲ್ಲಿ ನಾನು ಕಂಡಿಲ್ಲ.

ವಿಭೂತಿ, ಕುಂಕುಮ, ತಲೆ ಮೇಲೆ ಬಟ್ಟೆ?

ಇರಲಿ. ಬೆವರಿಗೆ ಇಳಿದು ಮೂಗಿಗೆ ಬರದ ಹಾಗೆ ನೋಡಿಕೊಳ್ಳಿ. ತಲೆ ಮೇಲಿನ ಬಟ್ಟೆಗೆ ಪಿನ್ ಹಾಕುವವರು ಪಿನ್ನಿನ ತುದಿ ಒಳಗೆ ಮುಚ್ಚಿರಲಿ, ಸೀರೆ ಪಿನ್ನಿಗೂ ಅದೇ ಮಾತು.

ಒಂಬತ್ತು ಗಂಟೆ ನಿಂತು ಸಂಜೆಗೆ ಮುಖ ಗಂಟಾಗುತ್ತದೆ. ನಗು ಎಲ್ಲಿಂದ ತರಲಿ?

ಕಾಲಿನಿಂದ. ತಮಾಷೆ ಅಲ್ಲ, ಕಾಲು ನೋಯುವವರ ಮುಖದಲ್ಲಿ ನಗು ನಿಲ್ಲುವುದಿಲ್ಲ. ಒಂದೇ ಕಾಲ ಮೇಲೆ ಭಾರ ಹಾಕಿ ನಿಲ್ಲಬೇಡಿ, ಗಿರಾಕಿ ಇಲ್ಲದಾಗ ಹಿಮ್ಮಡಿ ಎತ್ತಿ ಇಳಿಸಿ, ರಾತ್ರಿ ದಿಂಬಿನ ಮೇಲೆ ಕಾಲಿಡಿ. ಇಷ್ಟು ನಾವು ಮಾಡಬಹುದು. ಉಳಿದದ್ದು ಸ್ಟೂಲ್ ಕೊಡುವವರ ಕೈಯಲ್ಲಿದೆ. ಕೇರಳದಲ್ಲಿ ಬಟ್ಟೆ ಅಂಗಡಿ ಹೆಂಗಸರು ಕೂರುವ ಹಕ್ಕಿಗಾಗಿ ಹೋರಾಡಿದರು. ಕೋಝಿಕ್ಕೋಡ್‌ನ ಪಿ. ವಿಜಿ ಅನ್ನುವ ಟೈಲರ್ ಮುಂದೆ ನಿಂತರು. 2018ರಲ್ಲಿ ಕಾನೂನು ತಿದ್ದುಪಡಿ ಆಯಿತು, 2021ರಲ್ಲಿ ತಮಿಳುನಾಡಿನಲ್ಲೂ ಆಯಿತು. ನಾನು ಈ ಸುದ್ದಿ ತೋರಿಸಿಯೇ ನಮ್ಮ ಸೆಕ್ಷನ್‌ಗೆ ಎರಡು ಸ್ಟೂಲ್ ಕೇಳಿದೆ. ಒಂದು ಬಂತು.

ಗಿರಾಕಿಯನ್ನು ಏನಂತ ಕರೆಯಲಿ?

"ಆಂಟಿ" ಅನ್ನಬೇಡಿ, ಮೂವತ್ತೈದರ ಹೆಂಗಸು ಬಂದ ದಾರಿಯಲ್ಲೇ ವಾಪಸ್. "ಬನ್ನಿ ಅಕ್ಕ", "ಬನ್ನಿ ಅಮ್ಮ", ಪೇಟೆ ಕಡೆಯವರಿಗೆ "ಮೇಡಂ". ಅನುಮಾನ ಬಂದರೆ "ಅಕ್ಕ" ಅನ್ನಿ. ಎಷ್ಟೇ ವಯಸ್ಸಾದವರಿಗೂ ಅದರಿಂದ ಬೇಜಾರಾಗಿದ್ದು ನಾನು ನೋಡಿಲ್ಲ.

ಪಕ್ಕದ ಕೌಂಟರ್‌ನವಳಿಗೆ ಮೈ ವಾಸನೆ ಇದೆ. ಹೇಗೆ ಹೇಳೋದು?

ನಾಲ್ಕು ಜನರ ಎದುರು ಬೇಡ. ಮೂಗು ಮುಚ್ಚಿಕೊಂಡು ಸೂಚನೆ ಕೊಡುವುದು ಬೇಡ. ಓನರ್ ಕಿವಿಗೆ ಹಾಕುವುದಂತೂ ಬೇಡವೇ ಬೇಡ.

ನನಗೆ ಹೇಳಿದ್ದು ಹೀಗೆ. ಸೇರಿದ ಮೊದಲ ಬೇಸಿಗೆ. ಆಗ ನಮ್ಮ ಸೆಕ್ಷನ್ ನೋಡುತ್ತಿದ್ದ ಹಿರಿಯ ಅಕ್ಕ ಮೇಲಿನ ಸ್ಟಾಕ್ ರೂಮಿಗೆ ಕರೆದರು. ಬೈಯುತ್ತಾರೆ ಅಂದುಕೊಂಡೆ. ಬಾಗಿಲು ಮುಂದಕ್ಕೆ ತಳ್ಳಿ, ಬ್ಯಾಗಿನಿಂದ ಹೊಸ ಸೋಪು, ಒಂದು ಹತ್ತಿ ಬನಿಯನ್ ತೆಗೆದು ಕೈಗಿಟ್ಟರು. "ಈ ಬಟ್ಟೆ ಹಾಳು ಕಣೇ, ನನಗೂ ಹೀಗೇ ಆಗ್ತಿತ್ತು. ಮಧ್ಯಾಹ್ನ ಒಳಗಿಂದು ಬದಲಾಯಿಸಿಕೋ" ಅಂದರು. ಅಷ್ಟೇ. ಆಮೇಲೆ ಕೆಳಗೆ ಹೋಗಿ ಎಲ್ಲರಿಗೂ ಕೇಳುವ ಹಾಗೆ, "ನೀಲಿ ಬಂಡಲ್ ಸಿಕ್ತಾ?" ಅಂತ ಕೂಗಿದರು. ನಾನು ಮೇಲೆ ಹೋಗಿದ್ದು ಬಂಡಲ್ ಹುಡುಕೋಕೆ ಅಂತ ಎಲ್ಲರೂ ತಿಳಿದುಕೊಳ್ಳಲಿ ಅಂತ.

ನನ್ನ ಡ್ರಾಯರ್‌ನಲ್ಲಿ ಈಗಲೂ ಬಿಚ್ಚದ ಒಂದು ಸೋಪು ಇರುತ್ತದೆ. ಈ ವರ್ಷ ಇಲ್ಲಿಯವರೆಗೆ ಮೂರು ಸಲ ನೀಲಿ ಬಂಡಲ್ ಹುಡುಕಿಸಿದ್ದೇನೆ.